ಅಡಿನೋಮಯೋಸಿಸ್: ಮೂಲ ಯಾವುದು, ಮುಂದುವರಿಕೆ ಯಾವುದು?

ಜಾಲಹಳ್ಳಿಯ ಶಾಲೆಯೊಂದರ ವಾರ್ಷಿಕೋತ್ಸವದಲ್ಲಿ ಮೈಕು ಇದ್ದಕ್ಕಿದ್ದಂತೆ ಕಿರುಚತೊಡಗಿತು. ಧ್ವನಿವರ್ಧಕದ ಸದ್ದು ಮೈಕಿಗೆ, ಮೈಕಿನದು ಮತ್ತೆ ಧ್ವನಿವರ್ಧಕಕ್ಕೆ. ಕಿರುಚಾಟ ಏಕೆ ನಿಲ್ಲುವುದಿಲ್ಲ ಎಂಬುದನ್ನು ಈ ಚಕ್ರ ವಿವರಿಸುತ್ತದೆ. ಮೊದಲ ಸದ್ದು ಎಲ್ಲಿಂದ ಬಂತೆಂದು ಹೇಳುವುದಿಲ್ಲ. ಅಡಿನೋಮಯೋಸಿಸ್ ಕುರಿತ ಸಿದ್ಧಾಂತಗಳನ್ನು ಓದುವಾಗ, ಭೌತವಿಜ್ಞಾನ ಬೋಧಿಸುವ ನನಗೆ ಈ ವ್ಯತ್ಯಾಸವೇ ಮುಖ್ಯವೆನಿಸಿತು.

ಗರ್ಭಾಶಯದ ಒಳಪೊರೆಯ ಗ್ರಂಥಿಗಳೂ ಅವುಗಳ ಸುತ್ತಲಿನ ಅಂಗಾಂಶವೂ ಸ್ನಾಯುಪದರದೊಳಗೆ ಕಾಣಿಸಿಕೊಳ್ಳುವ ಸ್ಥಿತಿಯಿದು. ಮುಟ್ಟಿನ ಸಮಯದಲ್ಲಿ ಅಧಿಕ ರಕ್ತಸ್ರಾವ, ತೀವ್ರ ನೋವು ಇದರ ಲಕ್ಷಣಗಳು. ಕೆಲವರಲ್ಲಿ ಯಾವ ಲಕ್ಷಣವೂ ಇರದು.

ಜರ್ಮನಿಯ ಲೇಯೆನ್‌ಡೆಕರ್ ಮತ್ತು ಸಂಗಡಿಗರ ವಾದ ಹೀಗಿದೆ. ಗರ್ಭಾಶಯದ ಸಂಕೋಚನದ ಅಲೆಗಳಿಂದ ಒಳಪೊರೆಯೂ ಸ್ನಾಯುವೂ ಕೂಡುವೆಡೆ ಸೂಕ್ಷ್ಮ ಗಾಯಗಳಾಗುತ್ತವೆ. ಗಾಯ ಮಾಯುವಾಗ ಪ್ರೋಸ್ಟಗ್ಲಾಂಡಿನ್ ಇ2 ಹೆಚ್ಚಿ ಅರೋಮಟೇಸ್ ಕಿಣ್ವವನ್ನು ಚುರುಕುಗೊಳಿಸುತ್ತದೆ. ಅಲ್ಲಿಯೇ ಈಸ್ಟ್ರೋಜನ್ ತಯಾರಾಗುತ್ತದೆ. ಅದು ಆಕ್ಸಿಟೋಸಿನ್ ಮೂಲಕ ಸಂಕೋಚನವನ್ನು ಹೆಚ್ಚಿಸುತ್ತದೆ, ಮತ್ತೆ ಗಾಯ. ಸೊಗಸಾದ ಚಕ್ರವೇನೋ ಸರಿ. ಆದರೆ ಸಂಕೋಚನ ಎಲ್ಲ ಗರ್ಭಾಶಯಗಳಲ್ಲೂ ಇದೆ. ರೋಗ ಕೆಲವರಲ್ಲಿ ಮಾತ್ರ ಏಕೆ?

ಇನ್ನೊಂದು ಸುಳಿವು ಜೀನ್‌ನದು. ಜಪಾನಿನ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 70 ರೋಗಿಗಳ ಪೈಕಿ 26 ಮಂದಿಯಲ್ಲಿ, ಎಂದರೆ ಶೇ. 37ರಷ್ಟು ಜನರಲ್ಲಿ, ಕೆಆರ್‌ಎಎಸ್ ಜೀನ್‌ನ ಉತ್ಪರಿವರ್ತನೆ ಕಂಡುಬಂತು. ಉಳಿದವರಲ್ಲಿ ಅದಿಲ್ಲ. ಜೊತೆಗೆ, ನೋಟಕ್ಕೆ ಸಹಜವಾಗಿದ್ದ ಒಳಪೊರೆಯಲ್ಲೂ ಅದೇ ಉತ್ಪರಿವರ್ತನೆ ದೊರೆಯಿತು. ಹಾಗಾಗಿ ಅದು ಅನಿವಾರ್ಯವೂ ಅಲ್ಲ, ತಾನೊಂದೇ ಸಾಕಾಗುವಂಥದೂ ಅಲ್ಲ.

ನನ್ನ ಮುಖ್ಯ ಆಕ್ಷೇಪ ಮಾದರಿಗಳ ಬಗ್ಗೆ. ದಶಕಗಳ ಕಾಲ ಈ ರೋಗವನ್ನು ಖಚಿತಪಡಿಸುತ್ತಿದ್ದುದು ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗರ್ಭಾಶಯವನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿ. ಮನೆ ಸುಟ್ಟ ಮೇಲೆ ಬೂದಿಯನ್ನು ಕೆದಕಿ ಮೊದಲ ಕಿಡಿಯನ್ನು ಗುರುತಿಸುವುದು ಸುಲಭವೇ? ಹೆಚ್ಚಿದ ಈಸ್ಟ್ರೋಜನ್, ಉರಿಯೂತದ ಅಣುಗಳು ರೋಗವನ್ನು ತಂದವೋ, ರೋಗವೇ ಅವುಗಳನ್ನು ತಂದಿತೋ? ಇಂದು ಶ್ರವಣಾತೀತ ತರಂಗ ಹಾಗೂ ಎಂಆರ್‌ಐ ಚಿತ್ರಣಗಳಿಂದ ಗರ್ಭಾಶಯವನ್ನು ತೆಗೆಯದೆಯೇ ರೋಗವನ್ನು ಗುರುತಿಸಬಹುದು. ಯುವತಿಯರನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನಗಳು ಈ ಪ್ರಶ್ನೆಗೆ ಉತ್ತರ ಕೊಡಬಲ್ಲವು.

ಇದು ಪುಸ್ತಕದ ಚರ್ಚೆಯಷ್ಟೇ ಅಲ್ಲ. ಅನಗತ್ಯವಾಗಿ ಗರ್ಭಕೋಶ ತೆಗೆಯಲಾಗಿದೆಯೆಂದು 2017ರಲ್ಲಿ ಕಲಬುರಗಿ ಜಿಲ್ಲೆಯ ಮಹಿಳೆಯರು ಬೀದಿಗಿಳಿದರು. ಅವರ ದೂರು ಈ ಒಂದು ರೋಗಕ್ಕೆ ಸಂಬಂಧಿಸಿದ್ದಲ್ಲ. ಆದರೂ ಪಾಠ ನಮಗೆಲ್ಲರಿಗೂ ಇದೆ. ಅಡಿನೋಮಯೋಸಿಸ್‌ನ ಲಕ್ಷಣಗಳನ್ನು ಹಲವರಲ್ಲಿ ಹಾರ್ಮೋನು ಔಷಧಿಗಳಿಂದ, ಲೆವೊನಾರ್ಜೆಸ್ಟ್ರೆಲ್ ಸೂಸುವ ಸಾಧನದಿಂದ ಹತೋಟಿಗೆ ತರಬಹುದು. ಮೊದಲ ಸದ್ದು ತಿಳಿಯದಿದ್ದರೂ ಚಕ್ರವನ್ನು ಎಲ್ಲಾದರೂ ತುಂಡರಿಸಬಹುದಲ್ಲವೇ?

ಶಿಕ್ಷಕರೇ, 'ಇದೇ ಕಾರಣ' ಎಂಬ ವಾಕ್ಯ ಎದುರಾದಾಗ ವಿದ್ಯಾರ್ಥಿಗಳಿಗೆ ಎರಡು ಪ್ರಶ್ನೆ ಕಲಿಸಿ: ಇದಿಲ್ಲದೆಯೂ ಅದು ಆಗುವುದೇ? ಇದಿದ್ದೂ ಅದು ಆಗದಿರುವುದೇ?