ಸಮರ್ಪಣೆಯ ಕೊನೆಯ ಪರೀಕ್ಷೆ: ಎಲಿಯಟ್ಟನ ‘ಮರ್ಡರ್ ಇನ್ ದ ಕೆಥೀಡ್ರಲ್’

ಧರ್ಮಕ್ಕಾಗಿ ಪ್ರಾಣ ತೆತ್ತವನನ್ನು ನಾಯಕನನ್ನಾಗಿ ಮಾಡಿಕೊಳ್ಳುವ ನಾಟಕಕಾರನಿಗೆ ಒಂದು ತೊಡಕು ಎದುರಾಗುತ್ತದೆ. ನಾಯಕನ ನಿಷ್ಠೆಯು ಮೊದಲಿನಿಂದಲೇ ಸಂಪೂರ್ಣವಾಗಿದ್ದರೆ ಘರ್ಷಣೆಗೆ ಎಡೆಯಿರುವುದಿಲ್ಲ, ಘರ್ಷಣೆಯಿಲ್ಲದೆ ನಾಟಕವಿಲ್ಲ. ಕ್ಯಾಂಟರ್ಬರಿಯ ಉತ್ಸವಕ್ಕಾಗಿ ಟಿ. ಎಸ್. ಎಲಿಯಟ್ 1935ರಲ್ಲಿ ರಚಿಸಿದ ಈ ಪದ್ಯನಾಟಕವು ಆ ತೊಡಕನ್ನು ಎಷ್ಟರಮಟ್ಟಿಗೆ ಬಿಡಿಸಿದೆಯೆಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

ವಸ್ತುವು ಇತಿಹಾಸಪ್ರಸಿದ್ಧವಾದುದು. ಥಾಮಸ್ ಬೆಕೆಟ್ ಇಂಗ್ಲೆಂಡಿನ ದೊರೆ ಎರಡನೆಯ ಹೆನ್ರಿಯ ಆಪ್ತಮಿತ್ರ, ಅವನ ಚಾನ್ಸಲರ್. 1162ರಲ್ಲಿ ದೊರೆಯ ಇಚ್ಛೆಯಂತೆಯೇ ಅವನು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪನಾದನು. ಬಳಿಕ ಚರ್ಚಿನ ಹಕ್ಕುಗಳನ್ನು ಕುರಿತು ಇಬ್ಬರಿಗೂ ವಿರಸವುಂಟಾಗಿ, 1164ರಲ್ಲಿ ಬೆಕೆಟ್ ಫ್ರಾನ್ಸಿಗೆ ತೆರಳಿದನು. ಹಿಂದಿರುಗಿದ ತಿಂಗಳೊಳಗಾಗಿ, 1170ರ ಡಿಸೆಂಬರ್ 29ರಂದು, ನಾಲ್ವರು ರಾಜಯೋಧರು ಅವನನ್ನು ದೇವಾಲಯದಲ್ಲಿಯೇ ಕೊಂದರು. 1173ರಲ್ಲಿ ಚರ್ಚು ಅವನನ್ನು ಸಂತನೆಂದು ಘೋಷಿಸಿತು. ನಾಟಕದ ಪ್ರಥಮ ಪ್ರಯೋಗವು ಅದೇ ದೇವಾಲಯದ ಆವರಣದಲ್ಲಿ ನಡೆಯಿತು. ಕಥೆಯ ಅಂತ್ಯವನ್ನು ಪ್ರೇಕ್ಷಕರು ಬಲ್ಲವರಾದುದರಿಂದ, ಬೆಕೆಟ್ ಯಾವ ಮನಸ್ಸಿನಿಂದ ಸಾಯುತ್ತಾನೆಂಬುದೇ ಕುತೂಹಲದ ಕೇಂದ್ರವಾಗುತ್ತದೆ.

ಮೊದಲ ಭಾಗದಲ್ಲಿ ನಾಲ್ವರು ಪ್ರಲೋಭಕರು ಬರುತ್ತಾರೆ. ಯೌವನದ ವಿಲಾಸ, ರಾಜ್ಯಾಧಿಕಾರ, ದೊರೆಗೆ ವಿರೋಧವಾಗಿ ಶ್ರೀಮಂತರೊಡನೆ ಮೈತ್ರಿ, ಈ ಮೂರನ್ನೂ ಥಾಮಸ್ ಸುಲಭವಾಗಿ ತಳ್ಳಿಬಿಡುತ್ತಾನೆ. ನಾಲ್ಕನೆಯವನು ಅನಿರೀಕ್ಷಿತನು. ಅವನು ಒಡ್ಡುವ ಆಮಿಷ ರಕ್ತಸಾಕ್ಷಿಯ ಕೀರ್ತಿಯೇ ಆಗಿದೆ. ಸಮಾಧಿಯ ಮುಂದೆ ಮಂಡಿಯೂರುವ ಯಾತ್ರಿಕರನ್ನು ಅವನು ವರ್ಣಿಸುತ್ತಾನೆ. ಆ ಸಮಾಧಿಯೂ ಒಂದು ದಿನ ಲೂಟಿಯಾಗುವುದನ್ನು ಮುಚ್ಚಿಡುವುದಿಲ್ಲ. ಎಂಟನೆಯ ಹೆನ್ರಿಯ ಆಜ್ಞೆಯಿಂದ 1538ರಲ್ಲಿ ಹಾಗೆಯೇ ನಡೆಯಿತು. ಆದುದರಿಂದ ಲೋಕದ ಕೀರ್ತಿಯನ್ನು ಬಿಟ್ಟು ಸ್ವರ್ಗದ ಕೀರ್ತಿಯನ್ನೇ ಬಯಸೆಂದು ಅವನ ಬೋಧೆ. ಥಾಮಸ್ ಕ್ಯಾಂಟರ್ಬರಿಯ ಹೆಂಗಸರನ್ನು ಕುರಿತು ಹೇಳಿದ ಮಾತುಗಳನ್ನೇ ಅವನು ಥಾಮಸನಿಗೆ ಹಿಂದಿರುಗಿಸುತ್ತಾನೆ. ಸರ್ವಸ್ವವನ್ನೂ ದೇವರಿಗೆ ಒಪ್ಪಿಸಿದೆನೆಂಬ ಭಾವದಲ್ಲಿಯೂ ಅಹಂಕಾರವು ಅಡಗಿರಬಲ್ಲುದೆಂಬ ಈ ದರ್ಶನವೇ ನಾಟಕದ ಜೀವಾಳವೆಂದು ನಮ್ಮ ಅಭಿಪ್ರಾಯ.

ಇಲ್ಲಿ ಭಗವದ್ಗೀತೆಯ ಫಲತ್ಯಾಗವು ನಮ್ಮ ಓದುಗರ ನೆನಪಿಗೆ ಬರುವುದು ಸಹಜ. ಎಲಿಯಟ್ ಹಾರ್ವರ್ಡಿನಲ್ಲಿ ಸಂಸ್ಕೃತವನ್ನು ಅಭ್ಯಾಸ ಮಾಡಿದವನು. 1941ರ ‘ದ ಡ್ರೈ ಸಾಲ್ವೇಜಸ್’ ಕವನದಲ್ಲಿ ಕೃಷ್ಣನನ್ನು ಹೆಸರಿಸಿದವನು. ಆದರೂ ಎರಡನ್ನೂ ಒಂದೆಂದು ಭಾವಿಸುವುದು ಸಾಧುವಲ್ಲ. ಅರ್ಜುನನ ಮುಂದಿದ್ದುದು ತಾನು ಮಾಡಬೇಕಾದ ಯುದ್ಧ. ಥಾಮಸನಾದರೋ ತಾನಾಗಿ ಸಾವನ್ನು ಅರಸಬಾರದು, ಬಂದರೆ ತಪ್ಪಿಸಿಕೊಳ್ಳಲೂ ಬಾರದು. ಕ್ರಿಸ್ಮಸ್ ದಿನದ ಪ್ರಸಂಗದಲ್ಲಿ ಅವನು ಬೋಧಿಸುವುದೂ ಇದನ್ನೇ: ರಕ್ತಸಾಕ್ಷಿಯನ್ನು ರೂಪಿಸುವುದು ದೇವರ ಸಂಕಲ್ಪ, ಮನುಷ್ಯನ ಹವಣಿಕೆಯಲ್ಲ.

ನಾಟಕದ ಕೊರತೆಯೂ ಈ ಎಡೆಯಲ್ಲಿಯೇ ಇದೆ. ನಾಲ್ಕನೆಯ ಪ್ರಲೋಭಕನ ಮಾತಿನಿಂದ ತತ್ತರಿಸಿದ ಥಾಮಸ್, ಸ್ವಲ್ಪ ಹೊತ್ತಿನಲ್ಲಿಯೇ ತನ್ನ ದಾರಿ ತಿಳಿಯಾಯಿತೆಂದು ಸಾರುತ್ತಾನೆ. ಅಷ್ಟರೊಳಗೆ ಅವನ ಅಂತರಂಗದಲ್ಲಿ ಏನು ನಡೆಯಿತೆಂಬುದನ್ನು ಕವಿ ತೋರಿಸಿಲ್ಲ. ದೈವಕೃಪೆಯು ಗುಪ್ತವಾದುದೆಂದು ಸಮರ್ಥಿಸಬಹುದು. ಆದರೆ ದೇವತಾಶಾಸ್ತ್ರಕ್ಕೆ ಸಾಲುವ ಸಮರ್ಥನೆ ರಂಗಭೂಮಿಗೆ ಸಾಲದು. ಬಾಗಿಲುಗಳನ್ನು ತೆರೆಯಿರಿ ಎಂದು ಥಾಮಸ್ ಪಾದ್ರಿಗಳಿಗೆ ಆಜ್ಞಾಪಿಸುವಾಗ ನಾವು ಅವನನ್ನು ಗೌರವಿಸುತ್ತೇವೆ, ಅವನೊಡನೆ ನಡುಗುವುದಿಲ್ಲ.

ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಡುವುದು ಹೆಂಗಸರ ಮೇಳ. ಇವರು ಗ್ರೀಕ್ ನಾಟಕದ ಮೇಳದಂತೆ ಸಾಕ್ಷಿಗಳಾಗಿ ನಿಂತರೂ ಸಾಕ್ಷಿಗಳಾಗಿಯೇ ಉಳಿಯುವುದಿಲ್ಲ. ದಿನದ ದುಡಿಮೆಯಲ್ಲಿ ಹೇಗೋ ಬದುಕು ಸಾಗಿಸುವ ಈ ಬಡವರು ಮೊದಲು ಥಾಮಸನನ್ನು ಫ್ರಾನ್ಸಿಗೆ ಮರಳೆಂದು ಬೇಡುತ್ತಾರೆ. ಕೊಲೆಯಾದಾಗ ಮೈಲಿಗೆ ತಮಗೂ ತಟ್ಟಿತೆಂದು ಗೋಳಿಡುತ್ತಾರೆ. ಕೊನೆಗೆ, ದೇವರ ಅನುಗ್ರಹಕ್ಕೂ ಅಂಜಿದೆವೆಂದು ಒಪ್ಪಿಕೊಂಡು ಕ್ಷಮೆಯನ್ನು ಯಾಚಿಸುತ್ತಾರೆ. ಥಾಮಸನಲ್ಲಿ ಮರೆಯಾಗಿ ನಡೆದ ಪರಿವರ್ತನೆ ಇವರಲ್ಲಿ ಹಂತಹಂತವಾಗಿ ಕಣ್ಣೆದುರಿಗೆ ನಡೆಯುತ್ತದೆ.

ಕೊಂದವರು ಪ್ರೇಕ್ಷಕರತ್ತ ತಿರುಗಿ, ನಿತ್ಯವ್ಯವಹಾರದ ಗದ್ಯದಲ್ಲಿ ತಮ್ಮ ಕೃತ್ಯವನ್ನು ಸಮರ್ಥಿಸಿಕೊಳ್ಳುವ ದೃಶ್ಯವು ಪ್ರೇಕ್ಷಕನನ್ನೇ ತೀರ್ಪುಗಾರನನ್ನಾಗಿ ಮಾಡುತ್ತದೆ. ಅವರ ತರ್ಕ ಹಿತವಾಗಿ ಕೇಳಿಸಿದರೆ ಅವನೂ ದೋಷಿಯೇ. ಸಂತನಾಗುವುದು ಎಲ್ಲರಿಗೂ ಶಕ್ಯವಲ್ಲ. ಅರೆಮನಸ್ಸಿನ ಬದುಕನ್ನು ಅರೆಮನಸ್ಸಿನದೆಂದು ಅರಿಯುವುದು ಆ ಹೆಂಗಸರಿಗೂ ಶಕ್ಯವಾಯಿತು. ಈ ನಾಟಕದಲ್ಲಿ ಸಂಪೂರ್ಣ ಸಮರ್ಪಣೆಯು ಹೃದಯಕ್ಕೆ ಮುಟ್ಟುವುದು ಥಾಮಸನ ಸಾವಿಗಿಂತಲೂ ಅವರ ಆ ನಿವೇದನೆಯಲ್ಲಿ ಎಂದು ನಾವು ನಿರ್ಣಯಿಸುತ್ತೇವೆ.