ಸೋಫಿಯ ಆರನೆಯ ಬೆರಳು

ಜಾನ್ ವಿಂಡಮ್ ಅವರ ‘ದ ಕ್ರಿಸಲಿಡ್ಸ್’ 1955ರಲ್ಲಿ ಪ್ರಕಟವಾಯಿತು. ಅಮೆರಿಕದಲ್ಲಿ ಅದೇ ವರ್ಷ ‘ರೀ-ಬರ್ತ್’ ಎಂಬ ಹೆಸರಿನಲ್ಲಿ ಬಂತು. ಮಾನವ ಉತ್ಪರಿವರ್ತನೆಯನ್ನು ಕುರಿತ ವೈಜ್ಞಾನಿಕ ಕಾದಂಬರಿಗಳಲ್ಲಿ ಇಷ್ಟು ಕಾಲ ಓದುಗರನ್ನು ಹಿಡಿದಿಟ್ಟುಕೊಂಡವು ಕೆಲವೇ. ಅದರ ಮುಕ್ಕಾಲು ಪಾಲನ್ನು ಮೆಚ್ಚದವರು ವಿರಳ, ಕೊನೆಯ ಅಧ್ಯಾಯಗಳನ್ನು ತಕರಾರಿಲ್ಲದೆ ಒಪ್ಪಿದವರೂ ವಿರಳ.

ಕಥೆ ನಡೆಯುವುದು ಲ್ಯಾಬ್ರಡಾರ್‌ನಲ್ಲಿ, ಅಣುಯುದ್ಧವೊಂದು ಹಳೆಯ ಜಗತ್ತನ್ನು ಸುಟ್ಟು ಎಷ್ಟೋ ತಲೆಮಾರುಗಳಾದ ಮೇಲೆ. ವಕ್ನುಕ್ ಎಂಬ ಬೇಸಾಯದ ಊರಿನವರು ಆ ನಾಶವನ್ನು ದೇವರು ಕೊಟ್ಟ ಶಿಕ್ಷೆಯೆಂದು ನಂಬಿದ್ದಾರೆ. ರೂಪ ಕೆಟ್ಟ ಪೈರನ್ನು ಸುಡುತ್ತಾರೆ, ರೂಪ ಕೆಟ್ಟ ಕರುವನ್ನು ಕೊಲ್ಲುತ್ತಾರೆ. ಹುಟ್ಟಿದ ಮಗುವಿಗೆ ಅಧಿಕಾರಿಯ ಪ್ರಮಾಣಪತ್ರ ಸಿಕ್ಕರಷ್ಟೇ ಅದು ಮನುಷ್ಯ. ಸಿಗದಿದ್ದರೆ ಸಂತಾನಶಕ್ತಿಯನ್ನು ತೆಗೆದು ಗಡಿಯಾಚೆಯ ಕಾಡಿಗೆ ಅಟ್ಟುವುದು ಅಲ್ಲಿನ ಕಾನೂನು. ಈ ಕಾನೂನಿನ ಕಟ್ಟಾಳು ಜೋಸೆಫ್ ಸ್ಟ್ರಾರ್ಮ್. ಅವನ ಮಗ ಡೇವಿಡ್ ಕಥೆಯ ನಿರೂಪಕ. ಮಾತಿಲ್ಲದೆ ಮನಸ್ಸಿನಿಂದ ಮನಸ್ಸಿಗೆ ವಿಚಾರ ದಾಟಿಸಬಲ್ಲ ಕೆಲವೇ ಮಕ್ಕಳಲ್ಲಿ ಅವನೂ ಒಬ್ಬ.

ಓದುಗರು ಮತ್ತೆ ಮತ್ತೆ ನೆನೆಯುವುದು ಆರಂಭದ ಒಂದು ಸಣ್ಣ ಘಟನೆಯನ್ನು. ಮರಳಿನ ದಿಬ್ಬದಿಂದ ಜಾರುವ ಆಟದಲ್ಲಿ ಸೋಫಿ ಎಂಬ ಹುಡುಗಿಯ ಕಾಲು ಕಲ್ಲುಗಳ ನಡುವೆ ಸಿಕ್ಕಿಬೀಳುತ್ತದೆ. ಬೂಟು ಬಿಚ್ಚಬೇಡವೆಂದು ಅವಳು ಅಳುತ್ತಾಳೆ. ಬಿಡಿಸದೆ ಬೇರೆ ದಾರಿಯಿಲ್ಲ. ಡೇವಿಡ್ ಬಿಡಿಸಿದಾಗ ಅವನಿಗೆ ಕಾಣುವುದು ಊದಿಕೊಂಡು ಕೆಂಪಾದ ಪಾದ. ಬೆರಳು ಆರಿವೆ ಎಂಬುದು ಆ ಕ್ಷಣಕ್ಕೆ ಅವನ ಗಮನಕ್ಕೇ ಬರುವುದಿಲ್ಲ. ದಿನಾ ಪ್ರಾರ್ಥನೆಯಲ್ಲಿ ವಿರೂಪದ ಬಗ್ಗೆ ಹೇಸಿಗೆ ಕಲಿತ ಹುಡುಗನಿಗೆ ನೋವು ಮೊದಲು ಕಾಣುತ್ತದೆ, ಲೆಕ್ಕ ಆಮೇಲೆ. ಮುಂದೊಂದು ದಿನ ಬಂಡೆಯ ಮೇಲೆ ಒದ್ದೆ ಪಾದದ ಗುರುತು ಬೇರೊಬ್ಬ ಹುಡುಗನ ಕಣ್ಣಿಗೆ ಬೀಳುತ್ತದೆ. ಅವನು ನೋಡುವುದು ಬೆರಳುಗಳನ್ನೇ. ಸೋಫಿಯ ಮನೆಯವರು ಊರು ಬಿಡಬೇಕಾಗುತ್ತದೆ. ಇಡೀ ಕಾದಂಬರಿಯ ನೀತಿ ಈ ಎರಡು ನೋಟಗಳ ನಡುವೆ ಇದೆ. ವಿಂಡಮ್ ಇದಕ್ಕಿಂತ ಚೆನ್ನಾಗಿ ಬೇರೆಲ್ಲೂ ಬರೆದಿಲ್ಲ.

ಇದನ್ನು ಧರ್ಮಾಂಧತೆಯ ಖಂಡನೆಯೆಂದು ಓದುವವರು ಹೆಚ್ಚು. ಆದರೆ ಅಲ್ಲಿ ಹೆಂಗಸರು ಹೊರುವ ಭಾರವನ್ನು ಗುರುತಿಸುವ ಓದು ಇನ್ನೂ ಹರಿತವಾದುದು. ವಕ್ನುಕ್‌ನಲ್ಲಿ ಕೂಸಿನ ದೋಷಕ್ಕೆ ತಾಯಿಯೇ ಹೊಣೆ. ಡೇವಿಡ್‌ನ ಚಿಕ್ಕಮ್ಮ ಹ್ಯಾರಿಯೆಟ್ ತನ್ನ ಮಗುವನ್ನು ಉಳಿಸಿಕೊಳ್ಳಲು, ಪ್ರಮಾಣಪತ್ರ ಪಡೆಯುವಷ್ಟು ಹೊತ್ತು ನಿನ್ನ ಕೂಸನ್ನು ಕೊಡೆಂದು ಅಕ್ಕನನ್ನು ಬೇಡುತ್ತಾಳೆ. ಅಕ್ಕ ಒಪ್ಪುವುದಿಲ್ಲ. ಕೆಲವೇ ಪುಟಗಳ ಈ ಪ್ರಸಂಗ ಹ್ಯಾರಿಯೆಟ್‌ಳ ಸಾವಿನಲ್ಲಿ ಮುಗಿಯುತ್ತದೆ.

ವಿಜ್ಞಾನ ಬಲ್ಲವರ ಆಕ್ಷೇಪ ಬೇರೆ. ಎಕ್ಸ್-ಕಿರಣದಿಂದ ಹಣ್ಣುನೊಣಗಳಲ್ಲಿ ಉತ್ಪರಿವರ್ತನೆ ಆಗುತ್ತದೆಂದು ಹರ್ಮನ್ ಮುಲ್ಲರ್ 1927ರಲ್ಲೇ ತೋರಿಸಿದ್ದರು. 1946ರಲ್ಲಿ ಅದಕ್ಕೆ ನೊಬೆಲ್ ಬಂತು. 1954ರ ಹೈಡ್ರೋಜನ್ ಬಾಂಬ್ ಪರೀಕ್ಷೆಗಳ ಭೀತಿ ಹಸಿಯಾಗಿದ್ದಾಗ ವಿಂಡಮ್ ಪುಸ್ತಕ ಹೊರಬಂತು. ಆದರೆ ಹಿರೋಶಿಮಾ, ನಾಗಾಸಾಕಿಗಳಲ್ಲಿ ಬದುಕುಳಿದವರ ಮಕ್ಕಳನ್ನು ಪರೀಕ್ಷಿಸಿ ಜೇಮ್ಸ್ ನೀಲ್ ಮತ್ತು ವಿಲಿಯಂ ಶಲ್ 1956ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹುಟ್ಟು ದೋಷಗಳು ಸ್ಪಷ್ಟವಾಗಿ ಹೆಚ್ಚಿದ್ದು ಕಂಡುಬರಲಿಲ್ಲ. ಹೆಚ್ಚಿನ ಉತ್ಪರಿವರ್ತನೆಗಳು ಯಾರ ಕಣ್ಣಿಗೂ ಬೀಳದಂಥವು, ಇಲ್ಲವೇ ಹಾನಿಕರ. ಒಂದೇ ಜಿಲ್ಲೆಯ ಹಲವು ಮನೆಗಳಲ್ಲಿ ಒಂದೇ ತಲೆಮಾರಿನಲ್ಲಿ ಟೆಲಿಪತಿಯಂಥ ಸಿದ್ಧ ಶಕ್ತಿ ಹುಟ್ಟುವುದಂತೂ ಜೀವಶಾಸ್ತ್ರಕ್ಕೆ ಹೊಂದುವುದಿಲ್ಲ. ಆಕ್ಷೇಪ ಸರಿಯೇ, ಆದರೂ ಕಾದಂಬರಿಗೆ ಅದರಿಂದ ದೊಡ್ಡ ನಷ್ಟವಿಲ್ಲ. ಆರು ಬೆರಳು ಮಾತ್ರ ಕಲ್ಪನೆಯಲ್ಲ. ಅಂಥ ಮಕ್ಕಳು ಎಲ್ಲ ದೇಶಗಳಲ್ಲೂ ಹುಟ್ಟುತ್ತಾರೆ, ಯಾವ ಬಾಂಬಿನ ಹಂಗೂ ಇಲ್ಲದೆ.

ನಿಜವಾದ ಜಗಳ ಮುಕ್ತಾಯದ್ದು. ಗುಟ್ಟು ಬಯಲಾಗಿ ಓಡಿಹೋದ ಡೇವಿಡ್, ಅವನ ಪ್ರಿಯತಮೆ ರೋಸಲಿಂಡ್ ಮತ್ತು ಪುಟ್ಟ ತಂಗಿ ಪೆಟ್ರಾ ಕಾಡಿನಲ್ಲಿ ಸಿಕ್ಕಿಬಿದ್ದಾಗ ದೂರದ ಸೀಲೆಂಡ್‌ನಿಂದ, ಅಂದರೆ ನ್ಯೂಜಿಲೆಂಡ್‌ನಿಂದ, ಟೆಲಿಪತಿ ಬಲ್ಲ ಹೆಂಗಸೊಬ್ಬಳು ಹಾರುವ ಯಂತ್ರದಲ್ಲಿ ಬರುತ್ತಾಳೆ. ಅಂಟುವ ಎಳೆಗಳನ್ನು ಸುರಿದು ವಕ್ನುಕ್‌ನವರನ್ನೂ ಕಾಡಿನವರನ್ನೂ ಒಟ್ಟಿಗೆ ಕೊಲ್ಲುತ್ತಾಳೆ. ಹೊಸ ಜಾತಿ ಬದುಕಬೇಕಾದರೆ ಹಳೆಯದು ತೊಲಗಲೇಬೇಕು, ಅದಕ್ಕಾಗಿ ಮರುಗಬೇಕಿಲ್ಲ ಎಂಬುದು ಅವಳ ದೀರ್ಘ ಉಪದೇಶದ ತಿರುಳು.

ಕೆಲವರಿಗೆ ಇದು ವಿಕಾಸದ ಕಹಿಸತ್ಯ. ಇನ್ನು ಕೆಲವರ ಪ್ರಕಾರ ಆ ಹೆಂಗಸು ಜೋಸೆಫ್ ಸ್ಟ್ರಾರ್ಮ್‌ನ ಪಡಿಯಚ್ಚು, ಅದನ್ನು ಓದುಗ ತಾನೇ ಕಂಡುಕೊಳ್ಳಲೆಂದು ವಿಂಡಮ್ ಸುಮ್ಮನಿದ್ದಾರೆ. ಪಠ್ಯ ಈ ಎರಡನೆಯ ಓದಿಗೆ ಸಾಕಷ್ಟು ಆಸರೆ ಕೊಡುವುದಿಲ್ಲ. ಅವಳ ವಾದಕ್ಕೆ ಸಮನಾದ ಉತ್ತರವನ್ನು ಯಾರ ಬಾಯಲ್ಲೂ ಲೇಖಕರು ಇಟ್ಟಿಲ್ಲ. ಎರಡು ವರ್ಷದ ನಂತರದ ‘ದ ಮಿಡ್ವಿಚ್ ಕುಕೂಸ್’ ಕಾದಂಬರಿಯಲ್ಲೂ ಎರಡು ಜಾತಿಗಳು ಒಟ್ಟಿಗೆ ಬಾಳಲಾರವೆಂಬುದೇ ತೀರ್ಮಾನ. ಅಲ್ಲಿ ಸಾಯುವವರು ಅಸಾಮಾನ್ಯ ಮಕ್ಕಳು, ಕೊಲ್ಲುವವನು ಮನುಷ್ಯ. ಈ ಪ್ರಶ್ನೆ ವಿಂಡಮ್‌ರನ್ನು ಬಿಟ್ಟಿರಲಿಲ್ಲ ಎಂಬುದು ಸ್ಪಷ್ಟ.

ಎಲ್ಲಕ್ಕಿಂತ ತೂಕದ ಆಕ್ಷೇಪ ಅಂಗವೈಕಲ್ಯದ ಅನುಭವವಿರುವ ಓದುಗರದು. ಪಾರಾಗುವ ಮೂವರ ಮೈಯಲ್ಲಿ ಯಾವ ಕುಂದೂ ಇಲ್ಲ, ಅವರ ಭಿನ್ನತೆ ಹೊರಗೆ ಕಾಣದು. ಮೈಯಲ್ಲೇ ಭಿನ್ನತೆ ಹೊತ್ತ ಸೋಫಿ ಕೊನೆಯ ಕಾಳಗದಲ್ಲಿ ಸಾಯುತ್ತಾಳೆ. ವೈವಿಧ್ಯದ ಪರ ನಿಂತ ಕಾದಂಬರಿ ಕಡೆಗೆ ಶ್ರೇಷ್ಠತೆಯ ಪರ ವಾಲುತ್ತದೆ. ಈ ಟೀಕೆಗೆ ಸಮಾಧಾನ ಹೇಳುವುದು ಕಷ್ಟ, ಹೇಳಲೂಬಾರದು. ಆದರೆ ಹಾಗೆ ಕೇಳುವ ಕಣ್ಣನ್ನು ಓದುಗರಿಗೆ ಕೊಟ್ಟಿದ್ದು ಆ ಮರಳಿನ ದಿಬ್ಬದ ಪುಟಗಳೇ.

ಮೈಕೆಲ್‌ನ ಬಗ್ಗೆ ಮಾತಾಡುವವರು ಕಡಿಮೆ. ಟೆಲಿಪತಿ ಬಲ್ಲ ಆ ಮಕ್ಕಳ ಗುಂಪಿನಲ್ಲಿ ಎಲ್ಲರಿಗಿಂತ ಬುದ್ಧಿವಂತ ಅವನು. ಅದೇ ಗುಂಪಿನ ರೇಚಲ್ ವಕ್ನುಕ್‌ನಲ್ಲೇ ಉಳಿದಿದ್ದಾಳೆ, ಅಲ್ಲಿಗೆ ಹೋಗಿ ಅವಳನ್ನು ಕರೆತರುವಷ್ಟು ಇಂಧನ ಯಂತ್ರದಲ್ಲಿಲ್ಲ. ಮೈಕೆಲ್ ತಾನೂ ಹತ್ತುವುದಿಲ್ಲ. ರೇಚಲ್ ಜೊತೆಗೇ, ಹೇಗಾದರೂ ದಾರಿ ಹುಡುಕಿ ಬರುತ್ತೇನೆಂದು ಹಿಂದೆ ಉಳಿಯುತ್ತಾನೆ. ಸೀಲೆಂಡ್ ಹೆಂಗಸಿನ ಮಾತಿಗೆ ಪುಸ್ತಕದಲ್ಲಿ ಉತ್ತರವೇನಾದರೂ ಇದ್ದರೆ ಅದು ಈ ನಿರ್ಧಾರ. ವಿಂಡಮ್ ಅದಕ್ಕೆ ಕೊಟ್ಟಿರುವುದು ಬಹಳ ಕಡಿಮೆ ಜಾಗ.