ಬಹುಕರ್ತೃಕ ವಿಜ್ಞಾನಲೇಖನಗಳಲ್ಲಿ ಕರ್ತೃತ್ವವಿಚಾರ

ಪ್ರಾಚೀನಗ್ರಂಥವೊಂದು ಕೈಸೇರಿದೊಡನೆ ವಿದ್ವಾಂಸರು ಮೊದಲು ವಿಚಾರಿಸುವುದು ಅದರ ಕರ್ತೃ ಯಾರೆಂಬುದನ್ನು. ಕವಿರಾಜಮಾರ್ಗವು ನೃಪತುಂಗನದೋ ಶ್ರೀವಿಜಯನದೋ ಎಂಬ ವಾದವು ಕನ್ನಡಿಗರಿಗೆ ಚಿರಪರಿಚಿತವಾದುದು. ಗ್ರಂಥದೊಳಗೇ ನೃಪತುಂಗನ ಅನುಮತಿಯ ಪ್ರಸ್ತಾಪವಿರುವುದರಿಂದ, ಅನುಮತಿಯಿತ್ತವನು ಕರ್ತೃವಾಗಬಲ್ಲನೇ, ಬರೆದವನು ಮಾತ್ರವೇ ಕರ್ತೃವೇ ಎಂಬುದು ಆ ವಾದದ ಒಂದು ಮುಖ್ಯಾಂಶ. ಅಲ್ಲಿ ವಿವಾದಕ್ಕೆ ಸಿಕ್ಕಿದ ಹೆಸರುಗಳು ಎರಡೇ. 2015ನೆಯ ಇಸವಿ ಮೇ ತಿಂಗಳಲ್ಲಿ ಅಮೆರಿಕದ ‘ಫಿಸಿಕಲ್ ರಿವ್ಯೂ ಲೆಟರ್ಸ್’ ಎಂಬ ಪತ್ರಿಕೆಯಲ್ಲಿ ಪ್ರಕಟವಾದ ಲೇಖನವೊಂದಕ್ಕಾದರೋ ಕರ್ತೃಗಳು 5,154 ಮಂದಿ. ಜಿನೀವಾ ನಗರದ ಬಳಿಯ ಸರ್ನ್ ಸಂಸ್ಥೆಯಲ್ಲಿ ಅಟ್ಲಾಸ್, ಸಿಎಂಎಸ್ ಎಂಬೆರಡು ಪ್ರಯೋಗಗಳವರು ಕೂಡಿ ಹಿಗ್ಸ್ ಕಣದ ದ್ರವ್ಯರಾಶಿಯನ್ನು ನಿರ್ಣಯಿಸಿದ ಲೇಖನವದು. ಒಟ್ಟು 33 ಪುಟಗಳಲ್ಲಿ ವಿಷಯಕ್ಕೂ ಆಧಾರಸೂಚಿಗೂ ಸಂದುವು 9. ಮಿಕ್ಕ 24 ಪುಟಗಳೂ ಕರ್ತೃಗಳ ಮತ್ತು ಅವರ ಸಂಸ್ಥೆಗಳ ನಾಮಾವಳಿ. ವಿಷ್ಣುವಿಗೂ ಸಹಸ್ರನಾಮಗಳು ಸಾಕಾಗಿದ್ದುವು!

ಕ್ರಿಯೆಯಲ್ಲಿ ಸ್ವತಂತ್ರನಾದವನನ್ನು ಪಾಣಿನಿಯು ಕರ್ತೃವೆಂದನು. ಅವನನ್ನು ಪ್ರೇರಿಸುವವನಿಗೆ ಹೇತುವೆಂಬ ಹೆಸರನ್ನೂ ಕರ್ತೃವೆಂಬ ಹೆಸರನ್ನೂ ಕೊಟ್ಟನು. ಕ್ರಿಯಾಸಿದ್ಧಿಗೆ ಅತ್ಯಂತ ಸಾಧಕವಾದುದನ್ನು ಕರಣವೆಂದು ಬೇರ್ಪಡಿಸಿದನು. ಈ ವಿಭಾಗವನ್ನು ಹಿಡಿದು ನೋಡಿದರೆ ಮೇಲಣ ನಾಮಾವಳಿಯಲ್ಲಿ ಎಲ್ಲವೂ ಕಲೆತುಹೋಗಿರುವುದು ಕಾಣುತ್ತದೆ. ಲೇಖನದ ವಾಕ್ಯಗಳನ್ನು ರಚಿಸಿದವರು ಕೆಲವರು. ಉಪಕರಣವನ್ನು ಕಟ್ಟಿದವರು, ಅದರ ಅಳತೆಯನ್ನು ಸರಿಪಡಿಸಿದವರು, ರಾತ್ರಿಯೆಲ್ಲ ಅದನ್ನು ಕಾದವರು, ಗಣಕಯಂತ್ರಕ್ಕೆ ಕ್ರಮವಿಧಿಗಳನ್ನು ಬರೆದವರು ಸಾವಿರಾರು. ಕೊಡಲಿಯನ್ನು ಮಸೆದವನು ಮರವನ್ನು ಕಡಿದವನಾಗುವನೇ ಎಂದು ವೈಯಾಕರಣನು ಕೇಳಬಹುದು. ಇಲ್ಲಿ ಕೊಡಲಿಯನ್ನು ಮಾಡುವುದೇ ಹಲವು ದಶಕಗಳ ಕೆಲಸ, ಕಡಿಯುವುದು ಅಲ್ಪಕಾಲದ್ದು ಎಂಬುದು ಭೌತಶಾಸ್ತ್ರಜ್ಞರ ಉತ್ತರ. ಆ ಉತ್ತರದಲ್ಲಿ ನ್ಯಾಯವಿಲ್ಲದಿಲ್ಲ. ಹೊಸಬನು ಕೆಲವು ತಿಂಗಳ ಸೇವೆಯನ್ನು ಸಲ್ಲಿಸಿದ ಮೇಲೆಯೇ ಅವನ ಹೆಸರು ಪಟ್ಟಿಗೆ ಸೇರುವುದು. ಒಮ್ಮೆ ಸೇರಿತೆಂದರೆ, ಆ ಪ್ರಯೋಗದಿಂದ ಹೊರಡುವ ಲೇಖನಗಳೆಲ್ಲಕ್ಕೂ, ಅವನು ಓದಿರಲಿ ಬಿಡಲಿ, ಅವನು ಕರ್ತೃವೇ. ಕಾಲವಾದವರ ಹೆಸರುಗಳೂ ಒಂದು ಚಿಹ್ನೆಯೊಡನೆ ಅಲ್ಲಿ ನಿಲ್ಲುವುವು.

ವೈದ್ಯಪತ್ರಿಕೆಗಳ ಸಂಪಾದಕರ ಮತವು ಇದಕ್ಕೆ ವಿರುದ್ಧ. 1978ರಲ್ಲಿ ವ್ಯಾಂಕೂವರಿನಲ್ಲಿ ಸೇರಿದ ಸಂಪಾದಕರ ಮಂಡಲಿಯ ಈಗಿನ ನಿಯಮದಂತೆ ಕರ್ತೃವೆನಿಸುವವನು ಕಾರ್ಯದಲ್ಲಿ ಗಣನೀಯವಾಗಿ ಭಾಗಿಯಾಗಿರಬೇಕು, ಬರೆದಿರಬೇಕು ಇಲ್ಲವೆ ತಿದ್ದಿರಬೇಕು, ಕೊನೆಯ ಪಾಠಕ್ಕೆ ಒಪ್ಪಿಗೆಯಿತ್ತಿರಬೇಕು, ಅದರ ಸಾಧುತ್ವಕ್ಕೆ ಉತ್ತರವಾದಿಯಾಗಿರಬೇಕು. ಶ್ರೀವಿಜಯನು ಈ ಪರೀಕ್ಷೆಯಲ್ಲಿ ಗೆದ್ದಾನು. ಅನುಮತಿಯಷ್ಟೇ ಇತ್ತವನಾದರೆ ನೃಪತುಂಗನು ಸೋಲುವನು. 5,154 ಮಂದಿಯಲ್ಲಿ ಉಳಿಯುವವರೆಷ್ಟೋ!

ಹೆಸರುಗಳ ಅನುಕ್ರಮವೂ ಭ್ರಾಂತಿಜನಕವಾದುದು. ಜೀವಶಾಸ್ತ್ರದಲ್ಲಿ ಸಾಮಾನ್ಯವಾಗಿ ಮೊದಲ ಹೆಸರು ದುಡಿದವನದು, ಕಡೆಯದು ಪ್ರಯೋಗಶಾಲೆಯ ಒಡೆಯನದು. ಅಟ್ಲಾಸಿನಲ್ಲಿ ಕುಲನಾಮದ ಅಕಾರಾದಿಯೇ ಪ್ರಮಾಣ. ಎರಡು ‘ಎ’ಕಾರಗಳಿಂದ ಮೊದಲಾಗುವ ಕುಲನಾಮವುಳ್ಳ ಸದಸ್ಯನೊಬ್ಬನು ವರ್ಷಗಟ್ಟಲೆ ಅಗ್ರಸ್ಥಾನದಲ್ಲಿದ್ದಾನೆ, ಲೋಕವು ಆ ಲೇಖನಗಳನ್ನು ‘ಅವನೂ ಇತರರೂ’ ಎಂದು ಉಲ್ಲೇಖಿಸುತ್ತದೆ. ಸಿಎಂಎಸ್‌ನಲ್ಲಿ ದೇಶನಾಮದ ಕ್ರಮವಿರುವುದರಿಂದ ಆರ್ಮೇನಿಯದ ಯೆರೆವಾನಿನವರು ಮೊದಲಿಗರು. ಊರಿನ ಮತ್ತು ತಂದೆಯ ಹೆಸರುಗಳನ್ನು ಮೊದಲಕ್ಷರಗಳಾಗಿ ಹೊತ್ತಿರುವ ಕನ್ನಡಿಗನಿಗೆ ಕುಲನಾಮವೆಲ್ಲಿಯದು? ಒಮ್ಮೆ ತನ್ನ ಹೆಸರು, ಒಮ್ಮೆ ತಂದೆಯದು ಆ ಸ್ಥಾನಕ್ಕೆ ಬಂದು, ಒಬ್ಬನೇ ಇಬ್ಬರಾಗುವನು. ಈ ಗೊಂದಲವನ್ನು ಕಳೆಯಲು 2012ರಿಂದ ‘ಆರ್ಕಿಡ್’ ಎಂಬ 16 ಸ್ಥಾನಗಳ ಸಂಖ್ಯೆಯು ರೂಢಿಗೆ ಬಂದಿದೆ.

ಸ್ವಾತಂತ್ರ್ಯವೇ ಕರ್ತೃಲಕ್ಷಣವಾದರೆ ಅದನ್ನು ಕಾಣುವುದು ಹೇಗೆ? ಹೆಸರನ್ನು ಹಾಕಿಸಿಕೊಳ್ಳುವುದರಲ್ಲಿ ಅದು ಅಷ್ಟಾಗಿ ಕಾಣದು; ಹಾಕಿಸಿಕೊಳ್ಳದೆ ಇರುವುದರಲ್ಲಿ ಕಾಣುತ್ತದೆ. 1924ರಲ್ಲಿ ಢಾಕಾದಿಂದ ಸತ್ಯೇಂದ್ರನಾಥ ಬೋಸರು ಕಳುಹಿದ ಇಂಗ್ಲಿಷ್ ಲೇಖನವನ್ನು ಐನ್‌ಸ್ಟೈನರು ಸ್ವತಃ ಜರ್ಮನ್ ಭಾಷೆಗೆ ಪರಿವರ್ತಿಸಿ, ಕೊನೆಯಲ್ಲಿ ಅನುವಾದಕನ ಟಿಪ್ಪಣಿಯೊಂದನ್ನು ಮಾತ್ರ ಸೇರಿಸಿ, ಬೋಸರೊಬ್ಬರ ಹೆಸರಿನಿಂದಲೇ ಪ್ರಕಟಪಡಿಸಿದರು. ಆ ವಿಧಾನವನ್ನು ಮುಂದುವರಿಸಿದ ತಮ್ಮ ಲೇಖನಗಳನ್ನು ತಮ್ಮ ಹೆಸರಿನಲ್ಲಿ ಬೇರೆಯಾಗಿ ಬರೆದರು. ಪ್ರಸಿದ್ಧನಾದವನ ಹೆಸರೊಂದು ಅಲ್ಲಿ ಸೇರಿದ್ದರೆ ಬೋಸರ ಗತಿ ಏನಾಗುತ್ತಿತ್ತೆಂಬುದನ್ನು ಊಹಿಸುವುದು ಕಷ್ಟವಲ್ಲ.

ಇನ್ನೊಂದು ನಿದರ್ಶನವು ಇದಕ್ಕಿಂತಲೂ ಸ್ಫುಟವಾದುದು. 2011ರ ಸೆಪ್ಟೆಂಬರಿನಲ್ಲಿ ‘ಒಪೆರಾ’ ಎಂಬ ಪ್ರಯೋಗದವರು, ಸರ್ನ್‌ನಿಂದ ಸುಮಾರು 730 ಕಿಲೋಮೀಟರು ದೂರದ ಇಟಲಿಯ ಗ್ರಾನ್ ಸಾಸೋಗೆ ನ್ಯೂಟ್ರಿನೋ ಕಣಗಳು ಬೆಳಕಿಗಿಂತ 60 ನ್ಯಾನೊಸೆಕೆಂಡಿನಷ್ಟು ಮೊದಲೇ ಮುಟ್ಟುವುವೆಂದು ಸಾರಿದರು. ತಂಡದವರೇ ಆದ ಕೆಲವರು ಆ ಲೇಖನಕ್ಕೆ ತಮ್ಮ ಹೆಸರನ್ನು ಕೊಡಲಿಲ್ಲ. ಮರುವರ್ಷ, ಸರಿಯಾಗಿ ಜೋಡಿಸದಿದ್ದ ತಂತುವೊಂದು ದೋಷದ ಮೂಲವೆಂದು ತಿಳಿದುಬಂದಿತು; 2012ರ ಮಾರ್ಚಿನಲ್ಲಿ ತಂಡದ ಮುಖಂಡರಿಬ್ಬರು ರಾಜೀನಾಮೆಯಿತ್ತರು. ಗೌರವವನ್ನು ನೂರಾರು ಮಂದಿ ಹಂಚಿಕೊಳ್ಳುವ ಪದ್ಧತಿಯಲ್ಲಿ ಉತ್ತರವಾದಿತ್ವವು ಇಬ್ಬರ ಪಾಲಿಗೆ ಬಂದಿತು. ಹೆಸರು ಕೊಡದೆ ನಿಂತವರೇ ಆ ತಂಡದಲ್ಲಿ ಪಾಣಿನಿಯ ಅರ್ಥದ ಕರ್ತೃಗಳೆಂದರೆ ವಿರೋಧಾಭಾಸವೆನಿಸೀತು. ಆದರೂ ಅದನ್ನು ಹೇಳದೆ ವಿಧಿಯಿಲ್ಲ. ಉಳಿದವರ ಶ್ರಮವನ್ನು ‘ಸಹಕಾರಿಗಳು’ ಎಂಬ ಬೇರೊಂದು ಶೀರ್ಷಿಕೆಯಡಿ, ಯಾರು ಯಾವುದನ್ನು ಮಾಡಿದರೆಂಬುದರೊಡನೆ ಮುದ್ರಿಸಿದರೆ ಅವರಿಗೆ ಮರ್ಯಾದೆ ಹೆಚ್ಚುವುದಲ್ಲದೆ ಕುಂದದು.

ನಿರಾಕರಿಸುವ ಈ ಅಧಿಕಾರವು ಇತರರ ಕೈಗೆ ಹೋದಾಗ ಆಗುವುದು ಬೇರೆ. 2022ರ ಫೆಬ್ರವರಿಯಲ್ಲಿ ರಷ್ಯವು ಉಕ್ರೇನಿನ ಮೇಲೆ ಪೂರ್ಣಪ್ರಮಾಣದ ದಂಡೆತ್ತಿದ ಬಳಿಕ, ರಷ್ಯದ ಸಂಸ್ಥೆಗಳ ಹೆಸರಿನೊಡನೆ ತಮ್ಮ ಹೆಸರು ನಿಲ್ಲಬಾರದೆಂದು ಸರ್ನ್‌ನ ಪ್ರಯೋಗಗಳಲ್ಲಿ ಆಕ್ಷೇಪವೆದ್ದಿತು. ಲೇಖನಗಳ ಪೂರ್ವಪ್ರತಿಗಳು ವ್ಯಕ್ತಿನಾಮವೊಂದೂ ಇಲ್ಲದೆ ಪ್ರಯೋಗದ ಹೆಸರಿನಿಂದಲೇ ಹೊರಟುವು. ಪತ್ರಿಕೆಗಳಲ್ಲಿ ಪ್ರಕಟನೆ ತಡೆಯಿತು. 2023ರಲ್ಲಿ ಒಂದು ಒಡಂಬಡಿಕೆಯಾಗಿ ಆ ವಿಜ್ಞಾನಿಗಳ ಹೆಸರುಗಳು ಮತ್ತೆ ಕಾಣಿಸಿಕೊಂಡುವು. ಆದರೆ ಸಂಸ್ಥೆಯ ಹೆಸರಿದ್ದೆಡೆಯಲ್ಲಿ, ಸರ್ನ್‌ನೊಡನೆ ಸಹಕಾರದ ಒಪ್ಪಂದವುಳ್ಳ ಸಂಸ್ಥೆಯವರು ಎಂಬಷ್ಟೇ ಅರ್ಥದ ಒಕ್ಕಣೆಯಿತ್ತು. ದೇಶಾನುಕ್ರಮವನ್ನು ಪಾಲಿಸುವ ಸಿಎಂಎಸ್ ಪಟ್ಟಿಯಲ್ಲಿ ಇವರ ಹೆಸರುಗಳನ್ನು ದೇಶಗಳೆಲ್ಲ ಮುಗಿದ ಮೇಲೆ ಇರಿಸಿದರು.